ಖಚಿತವಾಗಿ ಹೇಳಲಾರೆ

ಮೂವತ್ತೊಂದು ವರ್ಷ ಕೋರ್ಟಿನ ಎರಡನೇ ಹಾಲಿನಲ್ಲಿ ಟೈಪ್ ಹೊಡೆದ ಮನುಷ್ಯ ನಿವೃತ್ತಿಯಾದ ಮೇಲೆ ಹೇಗಿರುತ್ತಾರೆ ಎಂಬುದನ್ನು ಅವರ ಹೆಂಡತಿಯ ಬಾಯಿಂದಲೇ ಕೇಳಬೇಕು. “ನಾನು ಅಡುಗೆಮನೆಯಿಂದ ಏನಾದ್ರೂ ಅಂದ್ರೆ ಸಾಕು, ಇವರ ಬೆರಳು ತೊಡೆ ಮೇಲೆ ಆಡೋಕೆ ಶುರು. ಉಪ್ಪು ಮುಗಿದಿದೆ ಅಂದ್ರೆ ಅದನ್ನೂ ಹೊಡ್ಕೊಳ್ತಾರೆ. ತರೋದು ಮಾತ್ರ ಮರೀತಾರೆ.” ಆಕೆ ಹೀಗೆನ್ನುವಾಗ ಟೈಪಿಸ್ಟರು ಸಣ್ಣಗೆ ನಕ್ಕು ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದರು.

ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವವನು. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವರನ್ನು ಸಿನಿಮಾ ಉತ್ಸವದ ಕೆಲಸಕ್ಕೆ ಎಳೆದು ತಂದವನು ನಾನೇ. ಆಮೇಲೆ ಆದದ್ದರಲ್ಲಿ ನನ್ನ ಪಾಲು ಎಷ್ಟು ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಉತ್ಸವ ಎಂದರೆ ದೊಡ್ಡದೇನೂ ಇರಲಿಲ್ಲ. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾದ ವರ್ಷ ಅದನ್ನು ಹುಟ್ಟುಹಾಕಿದ್ದರು. ವರ್ಷಕ್ಕೆ ನಾಲ್ಕು ದಿನ, ಶಿಕ್ಷಕರ ಸಂಘದ ಹಾಲಿನಲ್ಲಿ, ನ್ಯಾಯಕ್ಕಾಗಿ ಬಡಿದಾಡಿದವರ ಸಿನಿಮಾಗಳು. ಗಣಿಯೊಳಗೆ ಉಸಿರುಗಟ್ಟಿ ಸತ್ತವರದು, ಮನೆ ಕೆಡವಿಸಿಕೊಂಡವರದು, ವಿಚಾರಣೆಯೇ ಇಲ್ಲದೆ ಜೈಲಿನಲ್ಲಿ ಮುದುಕರಾದವರದು. ಕಿಟಕಿಗಳಿಗೆ ಹಳೆಯ ಕಂಬಳಿಗಳನ್ನು ಮೊಳೆ ಹೊಡೆದು ಕತ್ತಲು ಮಾಡುತ್ತಿದ್ದೆವು. ಮೊದಲ ವರ್ಷ ಜನ ಗೋಡೆಗೆ ಒರಗಿ ನಿಂತು ನೋಡಿದರು. ನಾಲ್ಕನೆಯ ವರ್ಷಕ್ಕೆ ಅರ್ಧ ಕುರ್ಚಿ ಖಾಲಿ. ಒಂದು ಕುಂಟು ನಾಯಿ ಮಾತ್ರ ಎಲ್ಲ ಆಟಕ್ಕೂ ಬಂದು ಪರದೆಯ ಬುಡದಲ್ಲಿ ಮಲಗುತ್ತಿತ್ತು. “ನಮ್ಮ ಖಾಯಂ ಪ್ರೇಕ್ಷಕ ಇವನೊಬ್ಬ. ಮಧ್ಯೆ ಎದ್ದು ಹೋಗೋದಿಲ್ಲ, ಕೊನೇಲಿ ಪ್ರಶ್ನೆ ಅಂತ ಭಾಷಣ ಮಾಡೋದೂ ಇಲ್ಲ,” ಎನ್ನುತ್ತಿದ್ದರು ಮೇಷ್ಟ್ರು.

ಸಿನಿಮಾಗಳು ಎಲ್ಲೆಲ್ಲಿಂದಲೋ ಬರುತ್ತಿದ್ದವು. ಅವುಗಳ ಮಾತು ನಮ್ಮವರಿಗೆ ಅರ್ಥವಾಗಬೇಕಾದರೆ ಪರದೆಯ ಕೆಳಗೆ ನಮ್ಮ ಭಾಷೆಯ ಸಾಲುಗಳು ಓಡಬೇಕು. ಮೇಷ್ಟ್ರ ಸೊಸೆ ಇಂಗ್ಲಿಷಿನಿಂದ ಕರಡು ಬರೆಯುತ್ತಿದ್ದಳು. ಅದನ್ನು ತಪ್ಪಿಲ್ಲದೆ, ವೇಗವಾಗಿ, ಸಾಲಿಗೆ ಇಷ್ಟೇ ಅಕ್ಷರ ಎಂಬ ಲೆಕ್ಕದಲ್ಲಿ ಟೈಪ್ ಮಾಡಿ ಕೂರಿಸುವವರು ಬೇಕಾಗಿತ್ತು. ಪಕ್ಕದ ಮನೆಯಲ್ಲಿ ಅಂಥವರೊಬ್ಬರು ದಿನಪತ್ರಿಕೆಯ ಕಾಗುಣಿತ ತಿದ್ದುತ್ತ ಕುಳಿತಿದ್ದಾರಲ್ಲ ಎಂದು ನನಗೆ ಹೊಳೆಯಿತು.

ಮೊದಲ ದಿನ ಮೇಷ್ಟ್ರು ಅವರಿಗೆ ಕೆಲಸ ವಿವರಿಸಿ, “ಜನ ಏನು ಹೇಳ್ತಾರೋ ಅಷ್ಟನ್ನೇ ಹಾಕಿ. ಸೇರಿಸೋದು ಬೇಡ, ಬಿಡೋದೂ ಬೇಡ,” ಎಂದರು.

ಟೈಪಿಸ್ಟರು ಅವರ ಮುಖವನ್ನೇ ನೋಡಿದರು. “ಅಷ್ಟೇನಾ?”

“ಅಷ್ಟೇ.”

“ಸರಿ,” ಎಂದು ಅವರು ಕನ್ನಡಕ ಒರೆಸಿಕೊಂಡರು. ಅದರಲ್ಲಿ ಒರೆಸಿಕೊಳ್ಳುವಂಥದ್ದೇನಿತ್ತು ಎಂದು ನನಗೆ ಆಗ ತಿಳಿಯಲಿಲ್ಲ.

ಎರಡು ವರ್ಷ ಆ ಕೆಲಸವನ್ನು ಅವರು ಎಷ್ಟು ಅಚ್ಚುಕಟ್ಟಾಗಿ ಮಾಡಿದರೆಂದರೆ ಮೇಷ್ಟ್ರು ಅವರನ್ನು ಬಿಟ್ಟು ಬೇರೆಯವರಿಗೆ ಕೀಬೋರ್ಡು ಮುಟ್ಟಲೂ ಬಿಡುತ್ತಿರಲಿಲ್ಲ. ಪರದೆಯ ಮೇಲೆ ಯಾರೋ ದೂರದ ಗಣಿಕಾರ್ಮಿಕನೊಬ್ಬ ಅಳುತ್ತ ತೊದಲಿದರೆ, ಆ ತೊದಲು ಕೂಡ ಸಾಲಿನಲ್ಲಿ ಇರಬೇಕೆಂದು ಹಟ ಹಿಡಿಯುತ್ತಿದ್ದರು. “ಮೂರು ಸಲ ‘ನಾನು’ ಅಂದಿದ್ದಾನೆ ಅವನು. ಎರಡು ಹೇಗೆ ಹಾಕೋದು?” ಹಾಲಿನ ಹಿಂಬದಿಯ ಬೆಂಚಿನಲ್ಲಿ ಕುಳಿತು ತಮ್ಮ ಸಾಲುಗಳನ್ನು ಜನ ಓದುವುದನ್ನು ನೋಡುತ್ತಿದ್ದರು. ಮನೆಯಲ್ಲಿ ಬೆರಳು ಆಡಿಸುವುದು ಕಡಿಮೆಯಾಗಿದೆ ಎಂದು ಅವರ ಹೆಂಡತಿ ಸಮಾಧಾನದಿಂದ ಹೇಳಿದ್ದರು.

ಉತ್ಸವದ ಆರನೆಯ ವರ್ಷ, ಲಾಕಪ್ಪುಗಳಲ್ಲಿ ಸತ್ತವರ ಬಗ್ಗೆ ಒಬ್ಬ ಹುಡುಗಿ ತೆಗೆದ ಸಾಕ್ಷ್ಯಚಿತ್ರ ಬಂತು. ಮೂರು ಊರಿನ ಮೂರು ಸಾವುಗಳು. ಮೂರನೆಯದು ನಮ್ಮದೇ ಊರಿನದು. ನಮಗೆಲ್ಲ ಗೊತ್ತಿದ್ದದ್ದೇ. ಟೈಲರ್ ಅಂಗಡಿಯ ಪಕ್ಕ ಮೆಟ್ಟಿಲ ಕೆಳಗಿನ ಜಾಗದಲ್ಲಿ ಇಸ್ತ್ರಿ ಮಾಡುವ ಹೆಂಗಸು, ನಾವೆಲ್ಲ ಇಸ್ತ್ರಿಯಮ್ಮ ಎನ್ನುವವರು, ಅವರ ಒಬ್ಬನೇ ಮಗ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಇಪ್ಪತ್ತಮೂರು ವಯಸ್ಸು. ಕಳುವಾದ ಒಂದು ನೀರಿನ ಪಂಪಿನ ವಿಷಯ ಕೇಳಬೇಕೆಂದು ಬೆಳಿಗ್ಗೆ ಸ್ಟೇಷನ್ನಿಗೆ ಕರೆದೊಯ್ದರು. ಅವನು ತನ್ನ ಕಾಲಲ್ಲೇ ನಡೆದು ಒಳಗೆ ಹೋದ, ತಾಯಿ ಹೊರಗೆ ಕಾದು ಕುಳಿತರು. ಸಂಜೆ ಆಸ್ಪತ್ರೆಗೆ ತಂದಾಗ ಉಸಿರಿರಲಿಲ್ಲ. ಗೋಡೆಗೆ ತಾನೇ ತಲೆ ಚಚ್ಚಿಕೊಂಡ ಎಂದು ನಾಲ್ವರು ಪೊಲೀಸರು ಒಂದೇ ಮಾತು ಹೇಳಿದರು. ಕೇಸು ನಡೆಯಿತು, ನಾಲ್ವರೂ ಬಿಡುಗಡೆಯಾದರು. ಅದಾಗಿ ಹದಿನೆಂಟು ವರ್ಷ.

ಒಂದು ಮಧ್ಯಾಹ್ನ ಮೇಷ್ಟ್ರ ಮನೆಯ ಮುಂದಿನ ಕೋಣೆಯಲ್ಲಿ ನಾವು ಮೂವರೂ ಲ್ಯಾಪ್‌ಟಾಪಿನ ಮುಂದೆ ಕುಳಿತು ಆ ಸಿನಿಮಾ ನೋಡಿದೆವು. ಮೊದಲ ಎರಡು ಭಾಗಕ್ಕೆ ಸಾಲು ಬೇಕಾಗಿತ್ತು. ಮೂರನೆಯದಕ್ಕೆ ಬೇಡ, ಅದು ನಮ್ಮ ಮಾತೇ. ಹಾಗಾಗಿ ಮೇಷ್ಟ್ರು ಚಹಾ ತರಲು ಎದ್ದಿದ್ದರು. ಪರದೆಯ ಮೇಲೆ ಕೋರ್ಟಿನ ಹಳೆಯ ಕಾಗದವೊಂದು ಬಂತು. ಕ್ಯಾಮೆರಾ ಸಾಲು ಸಾಲಾಗಿ ಕೆಳಗಿಳಿಯುತ್ತಿತ್ತು. ಹುಡುಗಿಯ ದನಿ ಓದುತ್ತಿತ್ತು: “ಒಳಗಿನಿಂದ ಕೂಗು ಕೇಳಿತು. ಅದು ಯಾರ ಕೂಗೆಂದು ಖಚಿತವಾಗಿ ಹೇಳಲಾರೆ.”

ಟೈಪಿಸ್ಟರು ಕೈ ಚಾಚಿ ಸಿನಿಮಾ ನಿಲ್ಲಿಸಿದರು.

“ನನ್ನ ಮಿಷನ್ನು,” ಎಂದರು. “ಳ ನೋಡಿ, ಸಾಲಿಗಿಂತ ಒಂದು ಕೂದಲು ಮೇಲೆ ಕೂತಿದೆ. ಎಷ್ಟು ಸಲ ರಿಪೇರಿ ಮಾಡಿಸಿದ್ರೂ ಅದು ಕೆಳಗೆ ಇಳೀಲಿಲ್ಲ.”

ನನಗೆ ತಮಾಷೆ ಅನ್ನಿಸಿತು. “ಹಾಗಾದ್ರೆ ನೀವೂ ಸಿನಿಮಾದಲ್ಲಿ ಬಂದಂಗಾಯ್ತು,” ಎಂದೆ.

ಅವರು ಸಿನಿಮಾ ಮುಂದೆ ಓಡಿಸಿದರು. ಇಸ್ತ್ರಿಯಮ್ಮ ತಮ್ಮ ಮೇಜಿನ ಹಿಂದೆ ನಿಂತಿದ್ದರು. “ಅಮ್ಮ, ಕೋರ್ಟಲ್ಲಿ ನೀವು ಹೀಗೆ ಹೇಳಿದ್ರಲ್ಲ?” ಎಂದು ಹುಡುಗಿ ಕೇಳುತ್ತಾಳೆ. ಇಸ್ತ್ರಿಯಮ್ಮ ಅಂಗಿಯ ಕಾಲರನ್ನು ಒತ್ತುತ್ತಲೇ ಹೇಳುತ್ತಾರೆ: “ಹೇಳಿರಬೇಕು. ಕಾಗದದಲ್ಲಿ ಇದೆಯಲ್ಲ. ನನಗೆ ನೆನಪಿರೋದು ಬೇರೆ. ಆದ್ರೆ ಅಷ್ಟು ಜನ ಓದಿದವರು ಸುಳ್ಳು ಬರೀತಾರಾ? ಭಯದಲ್ಲಿ ನನ್ನ ಬಾಯಿಂದ ಹಾಗೆ ಬಂದುಬಿಟ್ಟಿರಬೇಕು. ನನ್ನ ಮಗನ್ನ ನಾನೇ ಕೈಬಿಟ್ಟೆ.”

ಮೇಷ್ಟ್ರು ಚಹಾ ಹಿಡಿದು ಬರುವಷ್ಟರಲ್ಲಿ ಟೈಪಿಸ್ಟರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋಗಿದ್ದರು.

ಮಾರನೆಯ ದಿನ ಅವರು ನನ್ನ ಕೌಂಟರಿನ ಬಳಿ ಬಂದು, ಊಟದ ವೇಳೆಯವರೆಗೂ ಬೆಂಚಿನ ಮೇಲೆ ಕಾದು ಕುಳಿತು, ಆಮೇಲೆ ನನಗೆ ಎಲ್ಲವನ್ನೂ ಹೇಳಿದರು.

ಕೋರ್ಟಿನಲ್ಲಿ ಸಾಕ್ಷಿ ಆಡಿದ ಮಾತು ನೇರವಾಗಿ ಕಾಗದಕ್ಕೆ ಹೋಗುವುದಿಲ್ಲ. ಸಾಕ್ಷಿ ಹೇಳುತ್ತಾರೆ, ನ್ಯಾಯಾಧೀಶರು ಕೇಳಿಸಿಕೊಂಡು ಅದನ್ನು ಬರವಣಿಗೆಯ ಮಾತಾಗಿ ಕಟ್ಟಿ ಹೇಳುತ್ತಾರೆ, ಟೈಪಿಸ್ಟ್ ಹೊಡೆಯುತ್ತಾನೆ. ಕೊನೆಯಲ್ಲಿ ಅದನ್ನು ಸಾಕ್ಷಿಗೆ ಓದಿ ಹೇಳಿ, ಒಪ್ಪಿಸಿ, ರುಜುವನ್ನೋ ಹೆಬ್ಬೆಟ್ಟನ್ನೋ ಹಾಕಿಸಬೇಕು. ಓದಿ ಹೇಳುವಷ್ಟು ಪುರಸೊತ್ತು ಯಾರಿಗೂ ಇರುತ್ತಿರಲಿಲ್ಲ. ‘ಓದಿ ಹೇಳಲಾಯಿತು, ಸರಿಯಿದೆಯೆಂದು ಒಪ್ಪಿದರು’ ಎಂಬ ಸಾಲನ್ನು ಮಾತ್ರ ಟೈಪಿಸ್ಟರು ಪ್ರತಿ ಹೇಳಿಕೆಯ ಕೆಳಗೂ ಕಣ್ಣುಮುಚ್ಚಿ ಹೊಡೆಯುತ್ತಿದ್ದರು.

“ಆ ಯಮ್ಮ ಏನು ಹೇಳಿದ್ರು ಅಂತ ನನಗೆ ಅಕ್ಷರ ಅಕ್ಷರ ನೆನಪಿದೆ,” ಎಂದರು ಟೈಪಿಸ್ಟರು. “ಒಳಗಿಂದ ‘ಅಮ್ಮಾ ನೀರು’ ಅಂತ ಮೂರು ಸಲ ಕೂಗಿದ ಸ್ವಾಮಿ, ಮೂರನೇ ಸಲ ದನಿ ಸಣ್ಣಗಾಗಿತ್ತು, ನನ್ನ ಮಗನ ದನಿ ನನಗೆ ಗೊತ್ತಾಗಲ್ವಾ ಅಂದ್ರು. ಜಡ್ಜ್ ಸಾಹೇಬರು, ಕಣ್ಣಾರೆ ನೋಡಿದೆಯಾ ಅಂತ ಕೇಳಿದ್ರು. ಬಾಗಿಲು ಹಾಕಿದ್ರು ಸ್ವಾಮಿ, ಕಿವಿಯಾರೆ ಕೇಳಿದೆ ಅಂದ್ರು. ಸಾಹೇಬರು ನನ್ನ ಕಡೆ ತಿರುಗಿ, ಯಾರ ಕೂಗೆಂದು ಖಚಿತವಾಗಿ ಹೇಳಲಾರೆ ಅಂತ ಹೊಡೆಸಿದ್ರು.”

“ನೀವು ಹೊಡೆದ್ರಿ.”

“ಕೈ ನಿಂತಿತ್ತು. ಒಂದು ಗಳಿಗೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿ, ಏನ್ರೀ, ರಿಬ್ಬನ್ ಸಿಕ್ಕಿಹಾಕ್ಕೊಂಡಿತಾ ಅಂದ್ರು. ಇಲ್ಲ ಸ್ವಾಮಿ ಅಂದೆ. ಹೊಡೆದೆ.”

ತೀರ್ಪು ನಿಂತದ್ದು ಆ ಒಂದು ಸಾಲಿನ ಮೇಲೆ. ಹೆತ್ತ ತಾಯಿಯೇ ಗುರುತಿಸದ ದನಿಯನ್ನು ನ್ಯಾಯಾಲಯ ಹೇಗೆ ಗುರುತಿಸೀತು ಎಂದು ಬರೆದಿದ್ದರು. ಅದನ್ನೂ ಇವರೇ ಟೈಪ್ ಮಾಡಿದ್ದರು.

ಆ ಹೇಳಿಕೆಯ ದಿನದಿಂದ ಅವರು ತಮ್ಮ ಅಂಗಿಗಳಿಗೆ ತಾವೇ ಇಸ್ತ್ರಿ ಹಾಕಿಕೊಳ್ಳುವುದನ್ನು ಕಲಿತರಂತೆ. ಹೆಂಡತಿ ಅದನ್ನು ಬಂಧುಗಳ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದನ್ನು ನಾನೂ ಕೇಳಿದ್ದೆ. ಟೈಲರ್ ಅಂಗಡಿಯ ಬೀದಿಯಲ್ಲಿ ಅವರು ಹದಿನೆಂಟು ವರ್ಷ ಕಾಲಿಟ್ಟಿರಲಿಲ್ಲ.

“ನಾನು ಅಂದುಕೊಂಡಿದ್ದು ಒಂದೇ,” ಎಂದರು. “ಆ ಯಮ್ಮನಿಗೆ ತಾನು ಏನು ಹೇಳಿದ್ದೆ ಅಂತ ಗೊತ್ತಿರುತ್ತಲ್ಲ, ನಮ್ಮ ಮೇಲೆ ಸಿಟ್ಟು ಮಾಡ್ಕೊಂಡಿರ್ತಾರೆ, ಶಾಪ ಹಾಕ್ತಿರ್ತಾರೆ, ಹಾಕ್ಲಿ ಅಂತ. ತಾನೇ ತಪ್ಪು ಹೇಳಿದೆ ಅಂದ್ಕೊಂಡು ಬದುಕಿರ್ತಾರೆ ಅಂತ ನನ್ನ ತಲೆಗೆ ಬರಲೇ ಇಲ್ಲ.”

ಸಿನಿಮಾ ನೋಡಿ ಬಂದ ರಾತ್ರಿಯೇ ಅವರ ಹೆಂಡತಿಗೂ ವಿಷಯ ತಿಳಿದಿತ್ತು. ಆಕೆ ಹೊಲಿಗೆಯಿಂದ ತಲೆಯೆತ್ತದೆ, “ಅವತ್ತು ನೀವು ಕೋರ್ಟಿಂದ ಬಂದು ಊಟ ಮಾಡಿರಲಿಲ್ಲ. ನನಗೆ ನೆನಪಿದೆ. ಏನಾಯ್ತು ಅಂತ ನಾನೂ ಕೇಳಲಿಲ್ಲ,” ಎಂದಷ್ಟೇ ಅಂದರಂತೆ.

ನಾವು ಮೇಷ್ಟ್ರಿಗೆ ಹೇಳಿದೆವು. ಮೇಷ್ಟ್ರು ಸಿನಿಮಾ ತೆಗೆದ ಹುಡುಗಿಗೆ ಫೋನ್ ಮಾಡಿದರು. ಆಕೆ ಆ ತುದಿಯಲ್ಲಿ ಎದ್ದು ನಿಂತಿರಬೇಕು, ಕುರ್ಚಿ ಸರಿದ ಸದ್ದು ನಮಗೂ ಕೇಳಿಸಿತು. ಸಿನಿಮಾ ಮುಗಿದ ಕೂಡಲೇ ಟೈಪಿಸ್ಟರು ವೇದಿಕೆಗೆ ಬಂದು ಇದನ್ನೇ ಹೇಳಬೇಕು, ಇಸ್ತ್ರಿಯಮ್ಮನನ್ನೂ ಕರೆಸಬೇಕು, ಅದನ್ನು ಚಿತ್ರೀಕರಿಸಬೇಕು ಎಂದಳು. ಇಷ್ಟು ವರ್ಷ ಖಾಲಿ ಕುರ್ಚಿಗಳಿಗೆ ಸಿನಿಮಾ ತೋರಿಸಿದ್ದ ಮೇಷ್ಟ್ರ ಕಣ್ಣಲ್ಲಿ ನೀರು ಬಂತು. “ನೋಡ್ರಯ್ಯ, ಒಂದು ಸಿನಿಮಾದಿಂದ ಏನಾಗುತ್ತೆ ಅಂತ ಕೇಳ್ತಿದ್ರಲ್ಲ ಎಲ್ರೂ,” ಎಂದರು.

“ಮೊದಲು ನಾನೊಬ್ಬನೇ ಆ ಯಮ್ಮನ ಹತ್ರ ಹೋಗಿ ಹೇಳಿ ಬರ್ಲಾ?” ಎಂದು ಟೈಪಿಸ್ಟರು ಕೇಳಿದರು.

ಹೋಗಿ ಬನ್ನಿ ಎಂದು ನಾನು ಅನ್ನಬೇಕಿತ್ತು. ಮುಂಚೆಯೇ ಹೇಳಿಬಿಟ್ಟರೆ ಅವರು ಹಾಲಿಗೆ ಬಾರದೆ ಇರಬಹುದು ಎಂದು ಮೇಷ್ಟ್ರು ಅಂದಾಗ, ನಾನೂ ತಲೆಯಾಡಿಸಿದೆ.

ಭಾನುವಾರ ಮಧ್ಯಾಹ್ನದ ಆಟಕ್ಕೆ ಹಾಲು ತುಂಬಿತು. ಊರಿನದೇ ಕಥೆ ಇದೆ ಎಂಬ ಸುದ್ದಿ ಹಬ್ಬಿತ್ತು. ಹಿಂದಿನ ಸಾಲಿನಲ್ಲಿ ಇಬ್ಬರು ಮಾಮೂಲಿ ಬಟ್ಟೆಯಲ್ಲಿ ಕುಳಿತಿದ್ದರು. ಅವರ ಬೂಟು ನೋಡಿದರೆ ಸ್ಟೇಷನ್ನಿನವರೆಂದು ಯಾರಾದರೂ ಹೇಳಬಹುದಿತ್ತು. ಇಸ್ತ್ರಿಯಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆವು. ಆಕೆ ಮಡಿಕೆ ಒಂದಿಷ್ಟೂ ಕೆಡದ ಬಟ್ಟೆ ಉಟ್ಟು ಬಂದಿದ್ದರು. ತಮ್ಮ ಮುಖ ಪರದೆಯಲ್ಲಿ ಅಷ್ಟು ದೊಡ್ಡದಾಗಿ ಬಂದಾಗ ಒಮ್ಮೆ ತಲೆ ತಗ್ಗಿಸಿದರು, ಆಮೇಲೆ ತಗ್ಗಿಸಲಿಲ್ಲ.

ದೀಪ ಹಾಕಿದೆವು. ಟೈಪಿಸ್ಟರು ವೇದಿಕೆ ಹತ್ತಿದರು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೈಕಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮೊದಲು ಕೋರ್ಟಿನ ಭಾಷೆಯಲ್ಲೇ ಶುರುಮಾಡಿದರು: ನಾನು ಇಂಥವನು, ಇಷ್ಟು ವರ್ಷ ಇಂಥ ಹಾಲಿನಲ್ಲಿ ಕೆಲಸ ಮಾಡಿದವನು, ಸತ್ಯವನ್ನೇ ಹೇಳುತ್ತೇನೆ. ಆಮೇಲೆ ಆ ಭಾಷೆ ಬಿಟ್ಟುಹೋಯಿತು. “ಈ ತಾಯಿ ಹಾಗೆ ಹೇಳಲಿಲ್ಲ,” ಎಂದರು. “ಅದು ಇವರ ಮಾತಲ್ಲ. ಇವರು ಹೇಳಿದ್ದನ್ನ ನಾನು ಕೇಳಿದೀನಿ. ಕೇಳಿಯೂ ಬೇರೆ ಹೊಡೆದೆ. ಓದಿ ಹೇಳಲಿಲ್ಲ. ಓದಿ ಹೇಳಿದೆ ಅಂತ ಬರೆದೆ.” ಹದಿನೆಂಟು ವರ್ಷದ ಹಿಂದೆ ಇಸ್ತ್ರಿಯಮ್ಮ ಆಡಿದ್ದ ಮಾತನ್ನು, ಆ ಮೂರು ಕೂಗನ್ನು, ಸಣ್ಣಗಾದ ದನಿಯನ್ನು, ಒಂದಕ್ಷರ ಬಿಡದೆ ಹೇಳಿದರು.

ಯಾರೋ ಚಪ್ಪಾಳೆ ತಟ್ಟಿದರು. ಇನ್ನೂ ನಾಲ್ಕೈದು ಜನ ಸೇರಿಕೊಂಡರು. ಹುಡುಗಿಯ ಕ್ಯಾಮೆರಾ ವೇದಿಕೆಯಿಂದ ಇಸ್ತ್ರಿಯಮ್ಮನ ಕಡೆಗೆ ತಿರುಗಿತು. ಆಕೆ ಎದ್ದು ನಿಂತದ್ದರಿಂದ ಚಪ್ಪಾಳೆ ತಾನಾಗಿ ನಿಂತಿತು.

“ನಿಮಗೆ ಅವತ್ತೇ ಗೊತ್ತಿತ್ತಾ?” ಎಂದು ಕೇಳಿದರು.

“ಗೊತ್ತಿತ್ತು ತಾಯಿ.”

“ನಾನು ಐದು ಬೀದಿ ಆಚೆ ಇದ್ದೆ. ದಿನಾ ಇದ್ದೆ. ಎಲ್ಲೂ ಹೋಗಿರಲಿಲ್ಲ.”

ಟೈಪಿಸ್ಟರು ಮೈಕಿನ ಕಂಬ ಬಿಟ್ಟು ವೇದಿಕೆಯ ಅಂಚಿಗೆ ಬಂದರು.

“ನನ್ನ ಗಂಡ ಆ ತೀರ್ಪು ಬಂದ ದಿನದಿಂದ ಸಾಯೋ ತನಕ ನನ್ನ ಜೊತೆ ಮಾತಾಡಲಿಲ್ಲ. ಏಳು ವರ್ಷ. ಒಂದೇ ಕೋಣೆ ನಮ್ದು. ನೀನೇ ಕೆಡಿಸಿದೆ, ಮಗನ ದನಿ ಗೊತ್ತಾಗಲಿಲ್ವಾ ನಿನಗೆ ಅಂದಿದ್ದೇ ಕೊನೆ ಮಾತು.” ಆಕೆಯ ದನಿ ಏರಲಿಲ್ಲ. “ಅವರಿಗೆ ಈಗ ಯಾರು ಓದಿ ಹೇಳ್ತಾರೆ?”

 ಆಮೇಲೆ ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದು ಹೊರಗೆ ಹೋದರು. ಹುಡುಗಿ ಕ್ಯಾಮೆರಾ ಹಿಡಿದು ಹಿಂದೆ ಹೊರಟವಳು ಬಾಗಿಲ ಬಳಿ ನಿಂತುಬಿಟ್ಟಳು. ಅಷ್ಟರಮಟ್ಟಿಗೆ ಅವಳ ಮೇಲೆ ನನಗೆ ಗೌರವವಿದೆ.

ಮೇಷ್ಟ್ರು ಸುಮ್ಮನೆ ಕೂರುವವರಲ್ಲ. ಮಾನವ ಹಕ್ಕುಗಳ ಕೇಸು ನಡೆಸುವ ಒಬ್ಬ ವಯಸ್ಸಾದ ವಕೀಲೆಯನ್ನು ಹಿಡಿದರು. ಆಕೆ ಕಾಗದಗಳನ್ನು ಮುಂದಿಟ್ಟುಕೊಂಡು ಉಪಚಾರವಿಲ್ಲದೆ ಹೇಳಿದರು: “ಆ ನ್ಯಾಯಾಧೀಶರು ತೀರಿಹೋಗಿದ್ದಾರೆ. ನಾಲ್ವರಲ್ಲಿ ಇಬ್ಬರು ಸತ್ತಿದ್ದಾರೆ. ಗಡುವು ಮುಗಿದು ಯಾವ ಕಾಲ ಆಯ್ತೋ. ಉಳಿದಿರೋದು ಈ ಹೆಬ್ಬೆಟ್ಟು ಒತ್ತಿದ ಕಾಗದ, ಮತ್ತೆ ಇವರ ನೆನಪು. ಅರ್ಜಿ ಹಾಕೋಣ. ಆದ್ರೆ ಏನೋ ಆಗುತ್ತೆ ಅಂತ ಆ ತಾಯಿಗೆ ಹೇಳ್ಬೇಡಿ.” ನಾವು ಹೇಳಲಿಲ್ಲ. ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ವಕೀಲೆಯೇ ಹೋದಾಗ, ಇಸ್ತ್ರಿಯಮ್ಮ ಒತ್ತಿ ಕಳಿಸಿದರಂತೆ, ಏನೂ ಕೇಳಲಿಲ್ಲವಂತೆ. ಒತ್ತುವ ಮುಂಚೆ ಮಾತ್ರ ಎಲ್ಲವನ್ನೂ ಎರಡು ಸಲ ಓದಿಸಿಕೊಂಡರಂತೆ.

ಎಂಟು ತಿಂಗಳ ಮೇಲೆ ಅರ್ಜಿ ವಿಚಾರಣೆಗೆ ಬಂತು. ಅದೇ ಎರಡನೇ ಹಾಲು. ಟೈಪಿಸ್ಟರು ಮೊದಲ ಸಲ ಕಟಕಟೆಯಲ್ಲಿ ನಿಂತರು. ಅವರ ಜಾಗದಲ್ಲಿ ಈಗ ಕಂಪ್ಯೂಟರಿತ್ತು, ಅದರ ಮುಂದೆ ಒಬ್ಬ ಹುಡುಗಿ. ನ್ಯಾಯಾಧೀಶರು ಸಭ್ಯರು, ಕುರ್ಚಿ ಬೇಕೇ ಎಂದೂ ಕೇಳಿದರು. ಎದುರು ವಕೀಲರು ಹಳೆಯ ಹೇಳಿಕೆಯನ್ನು ಎತ್ತಿ ಹಿಡಿದು ಕೇಳಿದರು:

“‘ಖಚಿತವಾಗಿ ಹೇಳಲಾರೆ’ ಅಂತ ಟೈಪ್ ಮಾಡಿದ್ದು ನೀವೇ. ‘ಓದಿ ಹೇಳಲಾಯಿತು’ ಅಂತ ಟೈಪ್ ಮಾಡಿದ್ದೂ ನೀವೇ. ಎರಡೂ ಸುಳ್ಳು ಅಂತೀರಿ. ಸುಳ್ಳು ಬರೆಯೋ ಅಭ್ಯಾಸ ಇರೋ ಮನುಷ್ಯ ಈಗ ಹೇಳ್ತಿರೋದು ನಿಜ ಅಂತ ನಾವು ಹೇಗೆ ನಂಬೋದು?”

“ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು ಸ್ವಾಮಿ.”

“ಅವತ್ತು ಯಾವ ವಾರ?”

“ವಾರ ನೆನಪಿಲ್ಲ. ಅವರ ಮಾತು ನೆನಪಿದೆ.”

ನ್ಯಾಯಾಧೀಶರು ಕಂಪ್ಯೂಟರಿನ ಹುಡುಗಿಯ ಕಡೆ ತಿರುಗಿ, “ಸಾಕ್ಷಿಗೆ ಆ ದಿನದ ವಿವರಗಳು ನೆನಪಿರುವುದಿಲ್ಲ,” ಎಂದು ಬರೆಸಿದರು.

“ನಾನು ಹಾಗೆ ಹೇಳಲಿಲ್ಲ ಸ್ವಾಮಿ,” ಎಂದರು ಟೈಪಿಸ್ಟರು.

“ಅರ್ಥ ಅದೇ ಬರುತ್ತೆ ಬಿಡಿ,” ಎಂದರು ನ್ಯಾಯಾಧೀಶರು, ಒರಟುತನವೇನೂ ಇಲ್ಲದೆ. ಹುಡುಗಿ ಟೈಪ್ ಮಾಡಿದಳು.

ಅರ್ಜಿ ವಜಾ ಆಯಿತು. ನೆನಪನ್ನು ಆಧಾರವಾಗಿ ಒಪ್ಪಲಾಗದು ಎಂದು ಒಂದೂವರೆ ಪುಟ. ಪತ್ರಿಕೆಯ ಒಳಪುಟದಲ್ಲಿ ಕಿರುಬೆರಳಿನಷ್ಟು ಸುದ್ದಿ. ಕೋರ್ಟಿನ ಹಳೆಯ ಜೊತೆಗಾರರು ದಾರಿಯಲ್ಲಿ ಟೈಪಿಸ್ಟರನ್ನು ಕಂಡರೆ ಎದುರು ಬದಿಗೆ ದಾಟತೊಡಗಿದರು. “ಇವನೊಬ್ಬ ಹರಿಶ್ಚಂದ್ರ. ನಾವೆಲ್ಲ ಕಳ್ಳರು,” ಎಂದು ಅವರಲ್ಲೊಬ್ಬರು ನನ್ನ ಕೌಂಟರಿನಲ್ಲೇ ಅಂದರು. ಶಿಕ್ಷಕರ ಸಂಘದವರು ಮುಂದಿನ ವರ್ಷ ಹಾಲಿಗೆ ರಿಪೇರಿ ಇದೆ ಎಂದರು. ರಿಪೇರಿ ಯಾವಾಗ ಮುಗಿಯುತ್ತದೆ ಎಂದು ಮೇಷ್ಟ್ರು ಕೇಳಿದ್ದಕ್ಕೆ, “ಅದು ನಡೀತಾ ಇರುತ್ತೆ,” ಎಂದರಂತೆ. ಏಳನೆಯ ಉತ್ಸವ ಮೇಷ್ಟ್ರ ಮನೆಯ ಮುಂದಿನ ಕೋಣೆಯಲ್ಲಿ ನಡೆಯಿತು. ಹನ್ನೊಂದು ಜನ. ಎಂಟನೆಯದು ನಡೆಯಲಿಲ್ಲ. ಸಿನಿಮಾ ತೆಗೆದ ಹುಡುಗಿ ಹಾಲಿನ ಆ ಭಾನುವಾರದ ದೃಶ್ಯವನ್ನು ಸೇರಿಸಿ ಸಿನಿಮಾವನ್ನು ಮತ್ತೆ ಕಟ್ಟಿದಳು. ಅದಕ್ಕೆ ದೂರದಲ್ಲೆಲ್ಲೋ ಬಹುಮಾನ ಬಂತೆಂದು ಕೇಳಿದೆ.

ಅರ್ಜಿ ವಜಾ ಆದ ವಾರ ಟೈಪಿಸ್ಟರು ಟೈಲರ್ ಅಂಗಡಿಯ ಬೀದಿಗೆ ಹೋದರು. ನಾನೂ ಜೊತೆಗಿದ್ದೆ, ಅವರೇ ಬನ್ನಿ ಎಂದಿದ್ದರು. ಇಸ್ತ್ರಿಯಮ್ಮ ನೋಡಿದರು, ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಒಂದು ಚಾದರವನ್ನು ನಾಲ್ಕು ಮಡಿಕೆ ಹಾಕಿ, ನೀರು ಚಿಮುಕಿಸಿ, ಒತ್ತಿ ಮುಗಿಸಿದರು. ಇನ್ನೊಂದು ಎತ್ತಿಕೊಂಡರು.

“ಕೋರ್ಟು ಒಪ್ಪಲಿಲ್ಲ,” ಎಂದರು ಟೈಪಿಸ್ಟರು.

“ವಕೀಲರಮ್ಮ ಹೇಳಿದ್ರು.”

“ನನ್ನನ್ನ ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ.”

“ಮತ್ತೆ ಯಾಕೆ ಬಂದ್ರಿ?”

 ಮೆಟ್ಟಿಲ ಕೆಳಗಿನ ಆ ಜಾಗದಲ್ಲಿ ತಲೆ ಬಗ್ಗಿಸಿಕೊಂಡೇ ನಿಲ್ಲಬೇಕು, ಟೈಪಿಸ್ಟರು ಹಾಗೇ ನಿಂತಿದ್ದರು. ಇಸ್ತ್ರಿಯಮ್ಮ ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಅದರ ಕಲ್ಲಿನ ಮೇಲಿಟ್ಟರು. “ನಾನು ಅವತ್ತು ಹೇಳಿದ್ದು, ಅದನ್ನ ಇನ್ನೊಂದು ಸಲ ಹೇಳಿ,” ಎಂದರು.

ಟೈಪಿಸ್ಟರು ಹೇಳಿದರು. ಆಕೆ ಮೇಜಿನ ಅಂಚು ಹಿಡಿದು, ಪ್ರತಿ ಮಾತಿಗೂ ಸಣ್ಣಗೆ ತಲೆಯಾಡಿಸುತ್ತ ಕೇಳಿಸಿಕೊಂಡರು.

“ಹೌದು. ಹಾಗೇ ಹೇಳಿದ್ದೆ,” ಎಂದರು. “ಸಾಕು. ಇನ್ನು ಬರಬೇಡಿ.”

ಕೆಲವು ತಿಂಗಳಿಗೆ ಆಕೆ ಇನ್ನೊಂದು ಊರಿನಲ್ಲಿದ್ದ ತಂಗಿಯ ಮನೆಗೆ ಹೊರಟುಹೋದರು. ಕಟ್ಟಡದ ಮಾಲೀಕರು ಮೆಟ್ಟಿಲ ಕೆಳಗಿನ ಜಾಗವನ್ನು ಖಾಲಿ ಮಾಡಿಸಿದ್ದರು ಎಂದೂ, ಸ್ಟೇಷನ್ನಿನವರು ಮಾಲೀಕರ ಕಿವಿಯಲ್ಲಿ ಏನೋ ಹಾಕಿದ್ದರು ಎಂದೂ ಟೈಲರ್ ಹೇಳಿದ. ನಿಜವೋ ಸುಳ್ಳೋ. ಮಾಲೀಕರನ್ನಾಗಲಿ ಸ್ಟೇಷನ್ನಿನವರನ್ನಾಗಲಿ ಕೇಳಲು ನನಗೆ ಧೈರ್ಯವಾಗಲಿಲ್ಲ.

ಟೈಪಿಸ್ಟರ ಪಾಲಿಗೆ ಬಂದದ್ದು ನಾವು ಯಾರೂ ಎಣಿಸದ ಸಂಗತಿ. ವೇದಿಕೆಯ ಮಾತು ಊರೂರು ಹಬ್ಬಿತ್ತು. ಅವರ ಮನೆಗೆ ಜನ ಬರಲು ಶುರುವಾಯಿತು. ಕೇಸು ಸೋತವರು, ಕೇಸು ಸೋತವರ ಮಕ್ಕಳು. ಎಲ್ಲರ ಕೈಯಲ್ಲೂ ಮಾಸಿದ ಕಡತ. ಎಲ್ಲರದೂ ಒಂದೇ ಪ್ರಶ್ನೆ: ಇದರಲ್ಲಿ ಹೀಗಿದೆ, ಆದ್ರೆ ನಮ್ಮಪ್ಪ ನಿಜವಾಗಿ ಏನು ಹೇಳಿದ್ರು? ನಾನು ಏನು ಹೇಳಿದ್ದೆ? ಟೈಪಿಸ್ಟರು ಮೊದಮೊದಲು ಪ್ರತಿಯೊಬ್ಬರನ್ನೂ ಕೂರಿಸಿ, ಕಾಗದ ಓದಿ, ಕಣ್ಣು ಮುಚ್ಚಿ ನೆನಪು ಕೆದಕುತ್ತಿದ್ದರು. ನೂರಕ್ಕೆ ಒಂದೋ ಎರಡೋ ಸಿಗುತ್ತಿದ್ದವು. ಮೂವತ್ತೊಂದು ವರ್ಷ, ದಿನಕ್ಕೆ ಹತ್ತು ಹದಿನೈದು ಹೇಳಿಕೆ. ಯಾವುದು ನೇರವಾಗಿ ಹೋಗಿತ್ತು, ಯಾವುದು ಓರೆಯಾಗಿ ಹೋಗಿತ್ತು ಎಂದು ಅವರಿಗೇ ತಿಳಿಯದು. ಮಗಳೂ ಅಳಿಯನೂ ತಮ್ಮೂರಿಗೆ ಬಂದು ಇರಿ ಎಂದು ಕರೆದರು. ಅವರು ಹೋಗಲಿಲ್ಲ. “ಬಂದವರು ಬಾಗಿಲು ನೋಡಿ ವಾಪಸ್ ಹೋಗ್ತಾರೆ,” ಎಂದರು. ಅವರ ಹೆಂಡತಿ ಈಗ ಜೋಕು ಮಾಡುವುದಿಲ್ಲ. ಬಂದವರಿಗೆ ನೀರು ಕೊಟ್ಟು ಒಳಗೆ ಹೋಗಿ ಹೊಲಿಗೆಗೆ ಕೂರುತ್ತಾರೆ.

ಕಳೆದ ವಾರ ನಾನು ಹೋದಾಗ ಜಗಲಿಯ ಮೇಲೆ ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಕುಳಿತಿದ್ದ, ಬಸ್ಸಿನ ಧೂಳು ಇನ್ನೂ ಮುಖದ ಮೇಲಿತ್ತು. ಅಣ್ಣನ ಮೇಲಿನ ಹಳೆಯ ಕೇಸಂತೆ. ಅಣ್ಣ ಜೈಲಿನಲ್ಲೇ ತೀರಿಕೊಂಡಿದ್ದನಂತೆ.

“ನನಗೆ ನೆನಪಿಲ್ಲಪ್ಪ,” ಎನ್ನುತ್ತಿದ್ದರು ಟೈಪಿಸ್ಟರು. “ನಿಜವಾಗಲೂ ನೆನಪಿಲ್ಲ.”

“ಆ ಇಸ್ತ್ರಿಯಮ್ಮಂದು ನೆನಪಿತ್ತಲ್ಲ ನಿಮಗೆ,” ಎಂದ ಆತ. “ನಮ್ದು ಯಾಕೆ ಇಲ್ಲ? ಸರಿಯಾಗಿ ನೋಡಿ ಸಾರ್.”

ಟೈಪಿಸ್ಟರು ಕಡತ ತೆಗೆದುಕೊಂಡು, ದಾರ ಬಿಚ್ಚಿ, ಮೊದಲನೇ ಪುಟದಿಂದ ಓದತೊಡಗಿದರು. ಹದಿನಾಲ್ಕು ಪುಟಗಳಿದ್ದವು. ಆ ಮನುಷ್ಯ ಅವರ ಮುಖದಿಂದ ಕಣ್ಣು ಕೀಳದೆ ಕುಳಿತಿದ್ದ. ನಾನು ಬಂದ ಕೆಲಸ ಹೇಳದೆ ಎದ್ದು ಮನೆಗೆ ಬಂದೆ.